ಎದ್ದು ಕೊಡದ ವೀಳ್ಯ

ಮೊನ್ನೆ ಮೊಮ್ಮಗಳ ಮದುವೆಗೆ ಅರಿಸಿನ, ಕುಂಕುಮ ತರಲು ಕೋಲಾರದ ಗ್ರಂದಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಏನೋ ಹುಡುಕುತ್ತಾ ಒಂದು ಹಳೇ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಹಳದಿ ಪುಡಿ. "ಇದು ಅರಿಸಿನ ಅಲ್ಲ ತಾತ, ಅರದಾಳ. ಆಟದೋರು ಮುಖಕ್ಕೆ ಬಳ್ಕೊಳ್ತಿದ್ದ ಬಣ್ಣ. ಈಗ ಯಾರೂ ಕೇಳಲ್ಲ" ಎಂದು ಮತ್ತೆ ಮುಚ್ಚಿದ. ಅಷ್ಟರಲ್ಲಿ ಆ ಗಂಧಕದಂಥ ಘಾಟು ನನ್ನ ಮೂಗು ಸೇರಿಯಾಗಿತ್ತು. ಅದರ ಬೆನ್ನಿಗೇ ಕೊಬ್ಬರಿ ಎಣ್ಣೆ, ಬೆವರು, ನನ್ನ ಗಲ್ಲ ಹಿಡಿದು ಬಣ್ಣ ಬಳಿಯುತ್ತಿದ್ದ ಒಂದು ಒರಟು ಹೆಬ್ಬೆರಳು... ಅರಿಸಿನಕ್ಕೆ ಚೌಕಾಸಿ ಮಾಡುವುದನ್ನೂ ಮರೆತು ಮನೆಗೆ ಬಂದೆ. ನಾನು ಹಾಗೆ ಮರೆಯುವವನಲ್ಲ.

ಅದು ಕೇಳಿಕೆ ಮೇಷ್ಟ್ರ ಹೆಬ್ಬೆರಳು. ಕೇಳಿಕೆ ಎಂದರೆ ನಮ್ಮ ಕಡೆಯ ಬಯಲಾಟ, ಅರ್ಧ ಕನ್ನಡ, ಅರ್ಧ ತೆಲುಗು. ಸುಗ್ಗಿ ಮುಗಿದ ಮೇಲೆ ಮೇಷ್ಟ್ರು ರಾಯಲ್ಪಾಡಿನ ಹತ್ತಿರದ ನಮ್ಮೂರಿಗೆ ಬಂದು ಚಾವಡಿಯಲ್ಲಿ ಬಿಡಾರ ಹೂಡುತ್ತಿದ್ದರು. ಉಳುವವರು, ಕುರಿ ಕಾಯುವವರು ಎಲ್ಲರಿಗೂ ಪದ ಕಲಿಸಿ, ಕುಣಿಸಿ, ರಾಜರನ್ನು ಮಾಡುತ್ತಿದ್ದರು. ಊರಿಗೆ ಊರೇ ಅವರ ಬೈಗುಳ ತಿಂದಿತ್ತು.

ಆಗ ನಾನು ಹುಣಸೆ ವ್ಯಾಪಾರಕ್ಕೆ ಕಾಲಿಟ್ಟ ಹೊಸತು. ಮರದಲ್ಲಿರುವಾಗಲೇ ಕಾಯಿಗೆ ಬೆಲೆ ಕಟ್ಟಿ, ಹಣ್ಣಾದ ಮೇಲೆ ಮರ ಬಡಿಸಿ, ಉದುರಿದ್ದನ್ನು ಶ್ರೀನಿವಾಸಪುರಕ್ಕೆ ಸಾಗಿಸುವ ಕೆಲಸ. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೊಲ್ಲೋ ಪಾತ್ರ ಇವನಿಗೇ" ಎಂದರು. ಸುತ್ತ ಇದ್ದವರು ಗೊಳ್ಳೆಂದು ನಕ್ಕರು.

"ಯಾಕ್ ನಗ್ತೀರ್ಲಾ? ಕಳ್ಳ ಮುಖದೋನು ಕೊಂದ್ರೆ ಯಾರ್ಗೇನು ನೋವು? ಇವನ ಮುಖ ನೋಡಿ, ಸಾಲ ಕೊಟ್ಬಿಡೋಣ ಅನ್ನಿಸ್ತೈತೆ. ಇಂಥೋನು ಕೊಂದ್ರೆ ತಾನೆ ಹೊಟ್ಟೆ ಉರಿಯೋದು?"

ಪಾಳೇಗಾರನ ಆಟ ಅದು, ಮೇಷ್ಟ್ರೇ ಕಟ್ಟಿದ್ದು. ಪೂಜೆಗೆ ಕೂತ ಪಾಳೇಗಾರನ ಕಾಲಿಗೆ ಅವನದೇ ದಳವಾಯಿ ಬೀಳುತ್ತಾನೆ. ಏಳುವಾಗ ಕೈಯಲ್ಲಿ ಬಾಕು. ದಳವಾಯಿ ನಾನು, ಪಾಳೇಗಾರ ಮೇಷ್ಟ್ರು. "ನಮಸ್ಕಾರ ನಿಜವಾಗಿರ್ಬೇಕು ಕಣೋ. ಬೀಳೋವಾಗ ಬಾಕು ನಿನ್ಗೂ ನೆನಪಿರ್ಬಾರ್ದು" ಎಂದು ಹೇಳಿ ಹೇಳಿ ಬೀಳಿಸಿದರು, ನನ್ನ ಮೊಣಕಾಲು ಸುಲಿಯುವ ತನಕ. ಮುಂದೆ ವ್ಯಾಪಾರದಲ್ಲಿ ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ತಣ್ಣಗೆ ಮಾತಾಡುವುದನ್ನು ನಾನು ಕಲಿತದ್ದು ಯಾವ ಹುಣಸೆ ಮಂಡಿಯಲ್ಲೂ ಅಲ್ಲ, ಆ ಚಾವಡಿಯಲ್ಲಿ.

ಅವರ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ಆಟದಲ್ಲಿ ಸತ್ತವನು ಆಟ ಮುಗಿದ ಕೂಡಲೇ ಎದ್ದು, ಜನ ಇನ್ನೂ ಕೂತಿರುವಾಗಲೇ, ಕೊಂದವನಿಗೆ ತನ್ನ ಕೈಯಾರೆ ವೀಳ್ಯ ಕೊಡಬೇಕು. ಅವನು ಅದನ್ನು ಟವಲಿನಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು. ಅಲ್ಲಿಗೆ ಕೊಲೆ ಮುಗಿಯಿತು. ಅಲ್ಲಿಯವರೆಗೆ "ಪಾಪಿ, ನಿನ್ ಕೈ ಸೇದೋಗ" ಎಂದು ಶಾಪ ಹಾಕುತ್ತಿದ್ದ ಹೆಂಗಸರೇ ಆಮೇಲೆ ಕರೆದು ಮಜ್ಜಿಗೆ ಕೊಡುತ್ತಿದ್ದರು. ವೀಳ್ಯ ಸಿಗದಿದ್ದರೆ ಪಾತ್ರ ಮೈಮೇಲೇ ಉಳಿಯುತ್ತದೆ ಎಂಬುದು ನಂಬಿಕೆ. ಹಾಗೆ ಉಳಿದದ್ದನ್ನು ಯಾರೂ ನೋಡಿರಲಿಲ್ಲ, ಅಷ್ಟೆ.

ಸ್ವಾತಂತ್ರ್ಯ ಬಂದ ಮರುವರ್ಷ. ಸಂಕ್ರಾಂತಿ ಕಳೆದಿತ್ತು. ದೆಹಲಿಯಲ್ಲಿ ಪ್ರಾರ್ಥನೆಗೆ ಹೊರಟಿದ್ದ ಮಹಾತ್ಮರನ್ನು ಗುಂಡಿಟ್ಟು ಕೊಂದರಂತೆ ಎಂದು ಶ್ರೀನಿವಾಸಪುರದಿಂದ ಬಂದ ಬಸ್ಸಿನವನು ಹೇಳಿದ. ಚಾವಡಿಯ ಮುಂದೆ ಜನ ಗುಂಪುಗೂಡಿದರು. "ಮೊದ್ಲು ಬಗ್ಗಿ ನಮಸ್ಕಾರ ಮಾಡಿದ್ನಂತೆ, ಆಮೇಲೆ ಹೊಡೆದ್ನಂತೆ" ಎಂದೂ ಅವನೇ ಹೇಳಿದ. ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಯಾಕೆ ನೋಡಿದರೋ ಅವರಿಗೇ ಗೊತ್ತಿದ್ದಿಲ್ಲ. ನನಗೆ ಗೊತ್ತಾಯಿತು. ಮೇಷ್ಟ್ರು ತಲೆಯ ಮೇಲೆ ಟವಲು ಹೊದ್ದು ಗೋಡೆಗೆ ಮುಖ ಮಾಡಿ ಕೂತರು...

ಊರಿನ ಸೂತಕ ಕಳೆದ ಮೇಲೆ ಅವರು ಹೊಸ ಆಟ ಕಟ್ಟಿದರು. ತಾತನ ಆಟ ಎಂದೇ ಊರವರು ಕರೆದರು. ತಾತ ಮೇಷ್ಟ್ರೇ. ಕೊಲ್ಲುವವನು ಯಾರು? ಯಾರೂ ಒಪ್ಪಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದರು.

ನಾನು ಚೌಕಾಸಿ ಮಾಡದೆ ಒಪ್ಪುವ ಆಸಾಮಿಯಲ್ಲ. "ಹಿಂದಿನ ಆಟ ಬೇರೆ ಮೇಷ್ಟ್ರೇ. ಇದನ್ನ ಜನ ಮರೆಯಲ್ಲ. ನಾಳೆ ಅವರ ಅಂಗಳಕ್ಕೇ ನಾನು ಮರ ಕೇಳಕ್ಕೆ ಹೋಗ್ಬೇಕು. ಎಲ್ಲರ ಎದುರ್ಗೆ ವೀಳ್ಯ ಕೊಡ್ತೀರಾ?" ಎಂದೆ.

"ಹುಚ್ಚು ನನ್ಮಗನೆ, ಕೊಡ್ದೆ ಇರ್ತೀನೇನ್ಲಾ?" ಎಂದವರು, ಪೆಟ್ಟಿಗೆಯಿಂದ ತಮ್ಮ ಗೆಜ್ಜೆ ತೆಗೆದು ಅದರ ಮೇಲೆ ಕೈಯಿಟ್ಟರು. ಗೆಜ್ಜೆ ಮುಟ್ಟಿ ಆಡಿದ ಮಾತು. ಅದಕ್ಕಿಂತ ದೊಡ್ಡ ಜಾಮೀನು ನನಗೆ ಬೇಕಿರಲಿಲ್ಲ.

ಪ್ರಾರ್ಥನೆಯ ಹೊತ್ತಿಗೇ ಆಗಬೇಕೆಂದು ಆಟವನ್ನು ಇಳಿಹೊತ್ತಿಗೆ ಇಟ್ಟರು. ಆಸುಪಾಸಿನ ಊರುಗಳಿಂದೆಲ್ಲ ಗಾಡಿ ಕಟ್ಟಿಕೊಂಡು ಬಂದರು. ಮೊಣಕಾಲುದ್ದದ ಪಂಚೆ ಉಟ್ಟು, ಕೋಲು ಹಿಡಿದು ಮೇಷ್ಟ್ರು ನಡೆದು ಬಂದರು. ನಾನು ಬಗ್ಗಿದೆ. ನಿಜವಾಗಿ ಬಗ್ಗಿದೆ, ನನ್ನ ಕಣ್ಣಲ್ಲೂ ನೀರಿತ್ತು. ಎದ್ದು ಮಸಿ ಬಳಿದ ಮರದ ಪಿಸ್ತೂಲು ಹಿಡಿದೆ. ಮದ್ದಳೆ ಬಡಿಯಿತು. ಅವರು ಬಿದ್ದರು.

ಜನ ಚೀರಿಕೊಂಡು ನುಗ್ಗಿ ಬಂದರು. ಹೂ ಸುರಿದರು, ಕಾಲು ಹಿಡಿದರು. ಯಾವತ್ತೂ ತಮ್ಮ ಮನೆಯ ಮೆಟ್ಟಿಲ ಕೆಳಗೆ ನಿಲ್ಲಿಸಿಯೇ ಅವರನ್ನು ಮಾತಾಡಿಸುತ್ತಿದ್ದ ಊರ ಗೌಡರು ಅವರ ಪಾದಕ್ಕೆ ಹಣೆ ಹಚ್ಚಿದರು. ವೀಳ್ಯದ ತಟ್ಟೆ ಪಕ್ಕದಲ್ಲೇ ಇತ್ತು. ನಾನು ಟವಲು ಹಾಸಿ ಹಿಡಿದು ನಿಂತೆ. ಮೇಷ್ಟ್ರು ಒಂದು ಗಳಿಗೆ ಕಣ್ಣು ಬಿಟ್ಟರು. ಗೌಡರ ಬಗ್ಗಿದ ತಲೆಯನ್ನು ನೋಡಿದರು. ಆಮೇಲೆ ನನ್ನನ್ನು, ನನ್ನ ಟವಲನ್ನು ನೋಡಿದರು.

ಕಣ್ಣು ಮುಚ್ಚಿಕೊಂಡರು.

ಜನ ಅವರನ್ನು ಹಾಗೇ ಎತ್ತಿಕೊಂಡು ಭಜನೆ ಮಾಡುತ್ತಾ ಊರೆಲ್ಲ ಸುತ್ತಿದರು. ತಟ್ಟೆ ಕಾಲ್ತುಳಿತಕ್ಕೆ ಸಿಕ್ಕಿತು. ನನಗೆ ಸಿಕ್ಕಿದ್ದು ಬೆನ್ನಿಗೆ ಬಿದ್ದ ಒಂದು ಕಲ್ಲು.

ಮಾರನೇ ವಾರ ಒಬ್ಬ ಅಜ್ಜಿಯ ಅಂಗಳಕ್ಕೆ ಹೋದೆ. ಅವರ ಹಿತ್ತಿಲ ಹುಣಸೆ ಮರಗಳಿಗೆ ಮಾತಾಗಿತ್ತು. ಅಜ್ಜಿ ಬಾಗಿಲಲ್ಲೇ ತಡೆದರು.

"ಆ ಕೈಲಿ ನನ್ನ ಮರ ಮುಟ್ಬೇಡ ಅಬ್ಬಯ್ಯಾ."

"ಅಜ್ಜೀ, ಅದು ಆಟ."

"ಆಟ ಅಂತ ನಂಗೂ ಗೊತ್ತು. ಎಷ್ಟು ಆಟ ನೋಡಿಲ್ಲ ನಾನು! ಆಟ ಆದ್ರೆ ವೀಳ್ಯ ಕೊಡ್ತಾರೆ. ನಿಂಗೆ ಕೊಟ್ರಾ?"

ಮಾತಾಗಿದ್ದ ಮರಗಳನ್ನು ಹಾಗೇ ಬಿಟ್ಟು ಅಂಗಳದಿಂದ ಹೊರಬಂದೆ. ಇನ್ನುಳಿದ ಬಾಗಿಲುಗಳಲ್ಲೂ ಅದೇ ಆಯಿತು.

ನೇರ ಚಾವಡಿಗೆ ಹೋದೆ. ಮೇಷ್ಟ್ರು ಆ ಪಂಚೆಯಲ್ಲೇ ಇದ್ದರು. ಯಾರೋ ಹಾಲು ತಂದಿಟ್ಟಿದ್ದರು, ಒಬ್ಬ ತಾಯಿ ಕೂಸನ್ನು ಅವರ ಕಾಲ ಬಳಿ ಮಲಗಿಸಿದ್ದಳು. ಅವಳು ಹೋದ ಮೇಲೆ, "ಈಗ್ಲಾದ್ರೂ ಊರವರನ್ನ ಕರೆದು ಒಂದು ವೀಳ್ಯ ಕೊಟ್ಬಿಡಿ" ಎಂದೆ.

ಅವರು ಪಂಚೆಯ ಅಂಚು ಸರಿಮಾಡಿಕೊಂಡರು. "ಹೆಂಗ್ಲಾ ಕೊಡ್ಲಿ? ಪಾಳೇಗಾರ ಏಳ್ತಾನೆ. ಆ ಮಹಾತ್ಮ ಎದ್ನಾ? ಅವನೇ ಏಳ್ದೆ ಇರೋವಾಗ ನಾನು ಎದ್ದು ನಿಂತು ವೀಳ್ಯ ಹಂಚಿದ್ರೆ ಜನ ಏನಂತಾರೆ?"

"ಗೆಜ್ಜೆ ಮುಟ್ಟಿದ್ರಿ ಮೇಷ್ಟ್ರೇ."

ಅವರು ಹಾಲಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದರು. "ನೀನು ಯಾಪಾರದೋನು. ಎಲ್ಲೋದ್ರೂ ಬದುಕ್ತೀಯ. ನಂಗೆ ಈ ವಯಸ್ನಾಗೆ ಒಂದು ಮರ್ಯಾದೆ ಬಂದೈತೆ..."

ಅವರು ಮೊದಲು ಹೇಳಿದ್ದು ನಿಜವೋ ನೆಪವೋ ಇವತ್ತಿಗೂ ತೀರ್ಮಾನಿಸಲಾರೆ. ನಾನು ಎಲ್ಲಿ ಹೋದರೂ ಬದುಕುತ್ತೇನೆ ಎಂದದ್ದು ಮಾತ್ರ ನಿಜವಾಯಿತು. ಮಾಲೂರಿನ ಕಡೆ ಹೋದೆ. ಟೇಕಲ್ಲಿನಲ್ಲಿ ಆ ಆಟ ನೋಡಿದವರು ಯಾರೂ ಇರಲಿಲ್ಲ. ಅಲ್ಲೇ ಮರ ಗುತ್ತಿಗೆ ಹಿಡಿದೆ, ಹುಣಸೆ ಮಂಡಿ ಇಟ್ಟೆ, ಮನೆ ಕಟ್ಟಿದೆ. ಇವತ್ತಿಗೂ ಕೆಲಸ ಕಲಿಯಲು ಬರುವವರಿಗೆ ಮೊದಲು ಹೇಳುವ ಬುದ್ಧಿಮಾತು ಒಂದೇ: ಆಮೇಲೆ ಸಿಗಬೇಕಾದದ್ದನ್ನು ಮೊದಲೇ ಕೈಗೆ ತೆಗೆದುಕೊಳ್ಳಿ. ಎಷ್ಟೇ ದೊಡ್ಡವರು ಆಣೆ ಇಟ್ಟಿರಲಿ, ಎಷ್ಟೇ ಪ್ರೀತಿ ಇರಲಿ. ಪ್ರೀತಿ ಇರುವ ಕಡೆ ಇನ್ನೂ ಮೊದಲು.

ಬಹಳ ವರ್ಷಗಳ ಮೇಲೆ ಮುಳಬಾಗಿಲಿನಲ್ಲಿ ಮೇಷ್ಟ್ರು ತೀರಿಕೊಂಡರೆಂದು ಗೊತ್ತಾಗಿ ಹೋದೆ. ದಾರಿಯಲ್ಲಿ ಒಂದು ಕವಳೆ ವೀಳ್ಯದೆಲೆ, ಅಡಿಕೆ ಕೊಂಡೆ. ಬಾಡಿಗೆ ಮನೆಯ ಮುಂದೆ ಮಲಗಿಸಿದ್ದರು. ಹಾಲು ತರುವವರಾಗಲಿ, ಕೂಸು ತರುವವರಾಗಲಿ ಯಾರೂ ಇದ್ದಿಲ್ಲ. ಅಷ್ಟು ಹೊತ್ತಿಗೆ ಜನ ಆ ತಾತನನ್ನೂ ಮರೆತಿದ್ದರು, ಈ ತಾತನನ್ನೂ. ಎಲೆಯನ್ನು ಅವರ ಅಂಗೈಲಿಟ್ಟು ನಾನೇ ತೆಗೆದುಕೊಂಡುಬಿಡೋಣ ಎಂದು ಲೆಕ್ಕ ಹಾಕಿದ್ದೆ. ಹತ್ತಿರ ಹೋದೆ. ಆ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು, ಬಿಡಿಸಲು ಮನಸ್ಸು ಬರಲಿಲ್ಲ. ಸುಮ್ಮನೆ ಬಗ್ಗಿದೆ. ನಮಸ್ಕಾರ ನಿಜವಾಗಿತ್ತು, ಕಲಿಸಿದವರು ಅವರೇ ತಾನೆ.

ಇವತ್ತು ಬೆಳಿಗ್ಗೆ ಮೊಮ್ಮಗಳು ಮದುವೆಯ ತಾಂಬೂಲದ ತಟ್ಟೆ ಜೋಡಿಸುತ್ತಾ, "ತಗೋ ತಾತ, ಮೊದಲ ವೀಳ್ಯ ನಿನ್ಗೇ" ಎಂದು ನೀಡಿದಳು. ಹೆಗಲ ಮೇಲಿನ ಟವಲು ತೆಗೆದು ಹಾಸಿ ಹಿಡಿದೆ. ಕೈಯಲ್ಲಿ ತಗೊಳ್ಳದೆ ಇದೇನು ಎಂದು ಅವಳು ನಕ್ಕಳು. ವೀಳ್ಯ ಟವಲಿಗೆ ಬಿತ್ತು. ಕಣ್ಣಿಗೊತ್ತಿಕೊಂಡೆ... ಇದು ಆ ವೀಳ್ಯವಲ್ಲ.