ಹುಣಸೆಹಣ್ಣಿನಲ್ಲಿ ತೊಳೆದ ತಾಮ್ರ

ಅಣ್ಣನ ಎಡಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಉಳಿದರ್ಧದ ಜಾಗದಲ್ಲಿ ಚರ್ಮ ಎತ್ತಿನ ಗೊರಸಿನ ಹಾಗೆ ಗಟ್ಟಿಯಾಗಿ, ಅಡ್ಡಡ್ಡ ಗೀರು ಬಿದ್ದು, ಗೀರುಗಳಲ್ಲಿ ಕಪ್ಪು ಕೂತುಬಿಟ್ಟಿತ್ತು. ಎಷ್ಟು ಸಾಬೂನು ಹಚ್ಚಿದರೂ ಅದು ಹೋಗುತ್ತಿರಲಿಲ್ಲ. ಕರೆಂಟಿನ ತಂತಿಯನ್ನು ಆ ಬೆರಳಿಗೆ ಆನಿಸಿಕೊಂಡು ಚಾಕುವಿನಿಂದ ಸಿಪ್ಪೆ ಸುಲಿದೂ ಸುಲಿದೂ ಹಾಗಾಗಿತ್ತು. ಒಂದು ಬೆಳಿಗ್ಗೆ ಆ ಕೈಯನ್ನು ಪೊಲೀಸಿನವನು ಹಿಡಿದು ಎಳೆದುಕೊಂಡು ಹೋದ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ನಾನು ಒಂದು ಮಾತು ಆಡಿದ್ದರೆ ಆ ಕೈಯನ್ನು ಬಿಡುತ್ತಿದ್ದರು. ಆಡಲಿಲ್ಲ. ಅವನು ಬದುಕಿದ್ದ ಮುಂದಿನ ಎರಡು ವರ್ಷವೂ ಆಡಲಿಲ್ಲ.

ಅಣ್ಣ ಯಾದಗಿರಿಯಲ್ಲಿ ಗುಜರಿ ವ್ಯಾಪಾರ ಮಾಡುತ್ತಿದ್ದ. ವ್ಯಾಪಾರವೆಂದರೆ ದೊಡ್ಡದೇನಲ್ಲ. ರೈಲ್ವೆ ಹಳಿಯ ಕಡೆಗೆ ಒಂದು ಕೋಣೆ, ಹಿಂದೆ ತಗಡು ಕಟ್ಟಿದ ಹಿತ್ತಲು, ಒಂದು ಸೈಕಲ್ಲು. ಸೈಕಲ್ಲಿನ ಎರಡೂ ಕಡೆ ಗೋಣಿಚೀಲ. ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೋಗುತ್ತಿದ್ದ. ರಾಮಸಮುದ್ರದ ಹಾದಿ ಒಂದು ದಿನ, ಬಳಿಚಕ್ರದ ಹಾದಿ ಇನ್ನೊಂದು ದಿನ. ಮುರಿದ ಕುರ್ಚಿ, ತೂತುಬಿದ್ದ ಬಕೆಟ್ಟು, ಸವೆದ ಕುಡಗೋಲು, ಸುಟ್ಟುಹೋದ ಫ್ಯಾನು ತರುತ್ತಿದ್ದ. ತಿಂಗಳಿಗೆ ಎರಡು ಸಲ ಮಾಲನ್ನು ಟೆಂಪೋದಲ್ಲಿ ಹಾಕಿಕೊಂಡು ಶಹಾಪುರದ ದೊಡ್ಡ ವ್ಯಾಪಾರಿಗೆ ಕೊಟ್ಟು ಬರುತ್ತಿದ್ದ.

ನಾನು ಗಂಡನ ಮನೆ ಬಿಟ್ಟು ಸುರಪುರದಿಂದ ಒಂದು ಟ್ರಂಕು ಹಿಡಿದು ಬಂದಾಗ ಅತ್ತಿಗೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಣ್ಣ ಹಿತ್ತಲಲ್ಲಿ ಕೂತು ತಂತಿ ಸುಲಿಯುತ್ತಿದ್ದ. ನನ್ನನ್ನು ನೋಡಿದ, ಟ್ರಂಕು ನೋಡಿದ. ಯಾಕೆ ಬಂದೆ ಎಂದು ಕೇಳಲಿಲ್ಲ.

"ಬಂದಿ? ಚಲೋ ಆತು. ಇಲ್ಲಿ ಎರಡ ಕೈ ಕಮ್ಮಿ ಬಿದ್ದಾವ" ಎಂದು ಇನ್ನೊಂದು ಚಾಕು ನನ್ನ ಕಡೆ ಸರಿಸಿದ. ಆಮೇಲೆ, "ಟ್ರಂಕು ತಗಡಿಂದು ಅದ ನೋಡು, ಹುಷಾರ್. ಮರತು ಮಾರಿಬಿಟ್ಟೇನು" ಎಂದ. ಎಷ್ಟೋ ತಿಂಗಳ ಮೇಲೆ ನಾನು ನಕ್ಕದ್ದು ಅವತ್ತು.

ಮೊದಮೊದಲು ನಾನೂ ಅವನ ಜೊತೆ ಊರೂರಿಗೆ ಹೋಗುತ್ತಿದ್ದೆ. ಅವನು ಸೈಕಲ್ಲು ತಳ್ಳುತ್ತಿದ್ದ, ನಾನು ಹಿಂದೆ ನಡೆಯುತ್ತಿದ್ದೆ. ಊರೊಳಗೆ ಕಾಲಿಟ್ಟರೆ ಅವನು ಬೇರೆಯೇ ಮನುಷ್ಯ. ಮನೆಯಲ್ಲಿ ನಾಲ್ಕು ಮಾತು ಆಡದವನು ಅಲ್ಲಿ ಬಾಗಿಲಿಗೊಂದು ಮಾತು ಆಡುತ್ತಿದ್ದ. ಹೆಣ್ಣುಮಕ್ಕಳು ಅವನನ್ನು ಕೆಣಕುತ್ತಿದ್ದರು.

"ಏ ಗುಜರಿ ಅಣ್ಣಾ, ನಮ್ಮ ಮನಿಯಾಂವ ಹಳೇದಾಗ್ಯಾನ. ತಗೊಂಡು ಹೋಗ್ತಿಯೇನು?"

"ತುಕ್ಕ ಹಿಡದದ್ದು ತಗೋತೀನವ್ವ. ಎದುರು ಮಾತಾಡೂ ಮಾಲು ನಮ್ಮಲ್ಲಿ ನಡಿಯಂಗಿಲ್ಲ."

ಆ ಬಾಗಿಲುಗಳಲ್ಲಿ ಅವನಿಗೆ ನೀರು ಕೊಡುತ್ತಿದ್ದರು, ಮಜ್ಜಿಗೆ ಕೊಡುತ್ತಿದ್ದರು. ಜೋಳ ರಾಶಿಯಾದಾಗ ಒಂದು ಬೊಗಸೆ ಹೆಚ್ಚಾಗಿಯೇ ಹಾಕುತ್ತಿದ್ದರು. ಅದಕ್ಕೆ ಕಾರಣವಿತ್ತು. ಬಳಿಚಕ್ರದಲ್ಲಿ ಒಂದು ಸಲ ಹೊಸ ಸೊಸೆಯೊಬ್ಬಳು ತಾಮ್ರದ ಕೊಡ ತಂದು ಮುಂದಿಟ್ಟಳು. ಒಳ್ಳೆಯ ತೂಕದ ಕೊಡ. ಅಣ್ಣ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟ.

"ಅತ್ತಿ ಎಲ್ಲ್ಯಾಳವ್ವ?"

"ಹೊಲಕ್ಕ ಹೋಗ್ಯಾಳ. ಯಾಕ, ಮನಿ ನಂದಲ್ಲೇನು?"

"ಮನಿ ನಿಂದೇ. ಕೊಡದ ಕಂಠದ ಮ್ಯಾಲ ಹೆಸರ ಕೆತ್ಯಾರ ನೋಡು. ನನಗ ಓದಾಕ ಬರಂಗಿಲ್ಲ. ಆದ್ರ ಯಾರೋ ಅಕಿಗೆ ಪ್ರೀತಿಲೆ ಕೊಟ್ಟಾರ ಅಂಬದು ಗೊತ್ತಾಗ್ತದ. ಅಕಿ ಬಂದು ಕೊಟ್ರ ಮುಂದಿನ ವಾರ ಒಯ್ತೀನಿ."

ಸೊಸೆ ಬೈದುಕೊಂಡು ಒಳಗೆ ಹೋದಳು. ಮುಂದಿನ ವಾರ ಆ ಅತ್ತೆ ನಮ್ಮಿಬ್ಬರನ್ನೂ ಕೂಡಿಸಿ ರೊಟ್ಟಿ ಪಲ್ಯ ಹಾಕಿದಳು. ಕೊಡದ ಮಾತು ಯಾರೂ ಎತ್ತಲಿಲ್ಲ. ಇಂಥವೇ ನಾಲ್ಕಾರು ಕಥೆ ಊರಿಂದೂರಿಗೆ ಹೋಗಿ ಅವನಿಗೆ ಬಾಗಿಲು ತೆರೆದಿದ್ದವು. ಅವನ ಬಂಡವಾಳವೆಲ್ಲ ಅದೇ.

ತಂತಿಯ ವಿಷಯದಲ್ಲಿ ಅವನು ಇನ್ನೂ ಬಿಗಿ. ಬೇರೆಯವರು ತಂತಿಯನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟು, ಮೇಲಿನ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯುತ್ತಾರೆ. ಹತ್ತು ನಿಮಿಷದ ಕೆಲಸ. ಅಣ್ಣ ಸುಡುತ್ತಿರಲಿಲ್ಲ, ದಿನಗಟ್ಟಲೆ ಕೂತು ಸುಲಿಯುತ್ತಿದ್ದ. ಸುಲಿದ ಸಿಪ್ಪೆಯನ್ನೂ ಬಿಸಾಡುತ್ತಿರಲಿಲ್ಲ. ಹದಿನೈದು ದಿನ ಬೇರೆ ಚೀಲದಲ್ಲಿ ಇಡುತ್ತಿದ್ದ. ನಮ್ಮ ಕಡೆ ಬಾವಿ, ಬೋರಿನ ಮೋಟಾರಿನ ಕೇಬಲ್ಲನ್ನು ಕಳ್ಳರು ಕೊಯ್ದುಕೊಂಡು ಹೋಗುತ್ತಾರೆ. ಗುರುತು ಸಿಗಬಾರದೆಂದು ಮೊದಲು ಸುಡುತ್ತಾರೆ.

"ಸುಟ್ಟ ತಾಮ್ರ ಯಾರದಂತ ಹೇಳಂಗಿಲ್ಲ. ಸಿಪ್ಪಿ ಇದ್ರ ಯಾರ್ ಬೇಕಾದ್ರೂ ಬಂದು ನೋಡಬಹುದು, ಇದು ನಂದು ಇದು ನಂದಲ್ಲ ಅಂತ" ಎನ್ನುತ್ತಿದ್ದ. ಸುಟ್ಟ ಕರೀ ತಂತಿ ತಂದವರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದ. ಈ ಮಾತನ್ನು ನನಗೆ ಎಷ್ಟು ಸಲ ಹೇಳಿದ್ದನೋ. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಆ ದಿನ ಅವನು ಮಾಲು ಹಾಕಿಕೊಂಡು ಶಹಾಪುರಕ್ಕೆ ಹೋಗಿದ್ದ. ಮಧ್ಯಾಹ್ನ ಇಬ್ಬರು ಗಾಡಿಯ ಮೇಲೆ ಬಂದು ಒಂದು ಚೀಲ ಇಳಿಸಿದರು. ಒಳಗೆ ತಾಮ್ರದ ತಂತಿಯ ಸುರುಳಿ, ಕರ್ರಗೆ ಮಸಿ ಹಿಡಿದದ್ದು. ಮನೆಗೆ ಬೆಂಕಿ ಬಿದ್ದಿತ್ತು, ವೈರಿಂಗ್ ಸುಟ್ಟಿತು ಎಂದರು. ಅವರು ಹೇಳಿದ ಬೆಲೆ ಕಡಿಮೆಯಿತ್ತು. ಅಣ್ಣ ಬಂದಾಗ ನೋಡು, ನಾನೂ ವ್ಯಾಪಾರ ಮಾಡಬಲ್ಲೆ ಎಂದು ತೋರಿಸುವ ಆಸೆ ನನಗೆ. ಕೂತು ಉಣ್ಣುವವಳು ಎನ್ನಿಸಿಕೊಳ್ಳುವ ಹೆದರಿಕೆ. ಹಾಗೆ ಅವನು ಒಂದು ದಿನವೂ ಅಂದವನಲ್ಲ. ನಾನು ತೂಗಿ ತೆಗೆದುಕೊಂಡೆ.

ಅವರು ಹೋದ ಮೇಲೆ ಆ ಕರೀ ಸುರುಳಿ ನನ್ನ ಕಣ್ಣಿಗೇ ಕೆಟ್ಟದಾಗಿ ಕಾಣತೊಡಗಿತು. ಅಣ್ಣ ನೋಡಿದರೆ ಏನು ಹೇಳಲಿ? ಆಗ ಹೊಳೆಯಿತು. ತಾಮ್ರದ ಹಂಡೆ ಕಪ್ಪಾದರೆ ನಾವು ಏನು ಮಾಡುತ್ತೇವೆ? ಹುಣಸೆಹಣ್ಣು ನೆನೆಹಾಕಿದೆ, ಉಪ್ಪು ಬೆರೆಸಿದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಆ ತಂತಿಯನ್ನು ಗೇಣುಗೇಣಾಗಿ ತಿಕ್ಕಿದೆ. ಸಂಜೆಯ ಹೊತ್ತಿಗೆ ಅದು ಹಬ್ಬದ ದಿನದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಒಣಗಿಸಿ, ಅಣ್ಣ ಸುಲಿದಿಟ್ಟಿದ್ದ ತಂತಿಯ ಚೀಲದಲ್ಲಿ ಸೇರಿಸಿಬಿಟ್ಟೆ. ಅವನು ಬಂದಾಗ ದಣಿದಿದ್ದ. ಉಂಡು ಮಲಗಿದ. ನಾನು ಏನೂ ಹೇಳಲಿಲ್ಲ.

ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಒಬ್ಬ ರೈತ, ಅವನ ಹಿಂದೆ ಐದಾರು ಮಂದಿ, ಜೊತೆಗೆ ಒಬ್ಬ ಪೊಲೀಸಿನವನು ಬಂದರು. ರೈತ ರಾಮಸಮುದ್ರದ ಆಚೆಗಿನ ಒಂದು ಊರಿನವರು. ಊರಿನ ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಅಣ್ಣ ಅವರನ್ನು ಕಾಕಾ ಎಂದು ಕರೆಯುತ್ತಿದ್ದ. ಅವರ ಬೋರಿನ ಕೇಬಲ್ಲು ಕಳುವಾಗಿತ್ತು. ಯಾದಗಿರಿಯ ಎಲ್ಲ ಗುಜರಿಯವರಲ್ಲಿ ಹುಡುಕುತ್ತ ಬಂದಿದ್ದರು.

"ನಿನ್ನ ಮ್ಯಾಲ ಸಂಶೇ ಇಲ್ಲ ತಮ್ಮಾ. ಎಲ್ಲಾ ಕಡಿ ನೋಡೀವಿ, ಇಲ್ಲೂ ನೋಡಬೇಕಲ್ಲ" ಎಂದರು ಕಾಕಾ.

"ನೋಡ್ರಿ ಕಾಕಾ, ಅದಕ್ಯಾಕ ಸಂಕೋಚ? ನಮ್ಮಲ್ಲಿ ಸುಟ್ಟದ್ದು ಒಂದ ಎಳಿನೂ ಸಿಗಂಗಿಲ್ಲ" ಎಂದು ಅಣ್ಣ ತಾನೇ ಹೋಗಿ ತಾಮ್ರದ ಚೀಲ ತಂದು ಎಲ್ಲರ ಮುಂದೆ ಸುರಿದ.

ಅವನು ಸುಲಿದ ತಂತಿ ಕಂದುಗೆಂಪು. ನಾನು ತೊಳೆದದ್ದು ಎಳೆಗೆಂಪಾಗಿ, ಬೇರೆಯಾಗಿಯೇ ಎದ್ದು ಕಂಡಿತು. ಕಾಕಾ ಕೂತು ಅದನ್ನು ಎಳೆದು ನೋಡಿದರು. ಒಂದು ಕಡೆ ಹಿಂದೆ ಯಾವಾಗಲೋ ತುಂಡಾದ ಕೇಬಲ್ಲನ್ನು ಅವರೇ ಹೆಣೆದು ಸೇರಿಸಿದ್ದರಂತೆ. ಆ ಹೆಣಿಗೆ ಹಾಗೆಯೇ ಇತ್ತು.

"ಇದು ನಂದ" ಎಂದರು.

ಪೊಲೀಸಿನವನು ಎಳೆಯನ್ನು ಮೂಸಿ ನೋಡಿ ನಕ್ಕ. "ಹುಣಸಿಹಣ್ಣಿನ ವಾಸನಿ ಬರಾಕತ್ತದ. ಸುಟ್ಟದ್ದು ಗೊತ್ತಾಗಬಾರದಂತ ತೊಳದ ಇಟ್ಟಾನ್ ನೋಡ್ರಿ ಮಗ. ಗೊತ್ತಿದ್ದೇ ತಗೊಂಡಾನ."

ಅಣ್ಣ ಒಂದು ಎಳೆ ಎತ್ತಿಕೊಂಡ. ಅವನೂ ಮೂಗಿನ ಹತ್ತಿರ ಹಿಡಿದ. ಆಮೇಲೆ ನನ್ನ ಕಡೆ ತಿರುಗಿದ. ಸಿಟ್ಟಿನಿಂದ ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಅವನು ನನ್ನ ಕೈಗಳನ್ನು ನೋಡಿದ. ಹುಳಿಯಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿಗಳು ಇನ್ನೂ ಬೆಳ್ಳಗೆ ಸುಕ್ಕಾಗಿದ್ದವು. ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ.

"ನಾನೇ ತಗೊಂಡೀನ್ರಿ ಸಾಹೇಬ್ರ" ಎಂದ ಅಣ್ಣ. "ತೊಳದಾಂವನೂ ನಾನೇ."

ಕಾಕಾ ಎದ್ದು ಅವನ ಕಪಾಳಕ್ಕೆ ಹೊಡೆದರು. "ನಮ್ಮ ಮನಿ ನೀರ ಕುಡದೀಯಲ್ಲೋ" ಎಂದರು.

ನಾನು ಯಾಕೆ ಸುಮ್ಮನಿದ್ದೆ? ಆ ತಿಂಗಳಷ್ಟೇ ನನಗೆ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ಕೆಲಸ ಸಿಕ್ಕಿತ್ತು, ಮರುದಿನದಿಂದ ಹೋಗಬೇಕಿತ್ತು. ನನ್ನದು ಎನ್ನುವ ಮೊದಲ ಕೆಲಸ. ಠಾಣೆಯ ಮೆಟ್ಟಿಲು ಹತ್ತಿದವಳ ಕೈಯಲ್ಲಿ ಮಕ್ಕಳಿಗೆ ಅನ್ನ ಹಾಕಿಸುತ್ತಾರೆಯೇ ಎಂದು ಆ ಗಳಿಗೆಯಲ್ಲಿ ಲೆಕ್ಕ ಹಾಕಿದೆ. ಇವತ್ತು ಅಲ್ಲ, ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡೆ.

ಮೂರನೆಯ ದಿನ ಅವನನ್ನು ಬಿಟ್ಟರು. ಶಹಾಪುರದ ವ್ಯಾಪಾರಿ ಬಂದು ಮಾತಾಡಿದ್ದ. ತಂತಿ ಕಾಕಾಗೆ ಹೋಯಿತು, ಕೇಸು ಅಲ್ಲಿಗೇ ನಿಂತಿತು. ಅಣ್ಣ ಕುಂಟುತ್ತ ಬಂದು ಹಿತ್ತಲಲ್ಲಿ ಕೂತ. ನಾನು ಚಹಾ ಕೊಟ್ಟು, "ಅಣ್ಣಾ..." ಎಂದೆ.

"ಶಾಲಿಗೆ ಹೊತ್ತಾಗಿಲ್ಲೇನು ನಿನಗ?" ಎಂದ. ಚಹಾ ಕುಡಿದು ಲೋಟ ಕೆಳಗಿಟ್ಟು, "ತೊಳದಿದ್ದು ಮಾತ್ರ ಚಂದ ತೊಳದಿದ್ದಿ ಬಿಡು" ಎಂದ. ನಗಿಸಲಿಕ್ಕೆ ಹೇಳಿದ್ದು. ಆ ಒಂದು ಮಾತು ಬಿಟ್ಟರೆ ಮತ್ತೆ ಅದರ ಸುದ್ದಿ ತೆಗೆಯಲಿಲ್ಲ.

ಅವನು ಮತ್ತೆ ಸೈಕಲ್ಲು ಹಿಡಿದು ಹೋದ. ಕಾಕಾನ ಊರಿನ ಅಗಸಿ ಬಾಗಿಲಲ್ಲಿ ನಿಂತವರು, "ಒಳಗ ಬರಬ್ಯಾಡಪ್ಪ" ಎಂದರಂತೆ. ರಾಮಸಮುದ್ರದಲ್ಲಿ ಯಾರೂ ಬೇಡ ಎನ್ನಲಿಲ್ಲ, ಯಾರೂ ಏನೂ ತರಲೂ ಇಲ್ಲ. ಬಳಿಚಕ್ರದಲ್ಲಿ ಆ ಅತ್ತೆ ಬಾಗಿಲಲ್ಲಿ ಕೂತಿದ್ದವಳು ಎದ್ದು ಒಳಗೆ ಹೋದಳು ಎಂದು ಹೇಳಿದ. ಮೂರು ತಿಂಗಳು ಹೀಗೆ ಖಾಲಿ ಚೀಲ ತಂದ. ಆಮೇಲೆ ಊರುಗಳನ್ನು ಬಿಟ್ಟ. ಯಾದಗಿರಿಯಲ್ಲೇ ಚರಂಡಿಯ ಬದಿ, ಕಸದ ಗುಡ್ಡೆಗಳಲ್ಲಿ ಮೊಳೆ, ತಗಡು, ಬಾಟಲಿ ಆರಿಸತೊಡಗಿದ. ಅಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಾತಾಡಿಸುವವರೂ ಇರಲಿಲ್ಲ.

ನಾನು ಶಾಲೆಯಲ್ಲಿ ದಿನಾ ಸಾಂಬಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಕಿವುಚುವಾಗ, ಇವತ್ತು ಕೆಲಸ ಮುಗಿಸಿ ಕಾಕಾನ ಊರಿಗೆ ಹೋಗಿಯೇಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕೈ ತೊಳೆಯುವ ಹೊತ್ತಿಗೆ ಧೈರ್ಯವೂ ತೊಳೆದುಹೋಗುತ್ತಿತ್ತು. ಒಂದು ಸಲ ಟಂಟಂ ಆಟೋ ಹತ್ತಿ ಅರ್ಧ ಹಾದಿ ಹೋಗಿ ಇಳಿದುಬಿಟ್ಟೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ದಿನ ಹೋದಂತೆ ಮೊದಲ ತಪ್ಪಿಗಿಂತ ಈ ಪ್ರಶ್ನೆಯೇ ದೊಡ್ಡದಾಯಿತು.

ಚರಂಡಿಯಲ್ಲಿ ಗಾಜು ತುಳಿದು ಅಣ್ಣನ ಕಾಲಿಗೆ ಗಾಯವಾಯಿತು. ಸಕ್ಕರೆ ಕಾಯಿಲೆ ಇದೆಯೆಂದು ಆಗಲೇ ಗೊತ್ತಾದದ್ದು. ಗಾಯ ಮಾಯಲಿಲ್ಲ, ಕಪ್ಪಾಗುತ್ತ ಮೇಲಕ್ಕೆ ಬಂತು. ಕಲಬುರಗಿಯಲ್ಲಿ ಪಾದ ತೆಗೆದರು. ಅಲ್ಲಿ ವಾರ್ಡಿನಲ್ಲಿ, ಅವನ ಹಾಸಿಗೆಯ ಪಕ್ಕ ಕೂತು ನಾನು ಇನ್ನೊಂದು ಸಲ ಬಾಯಿ ತೆರೆದೆ.

"ಅಣ್ಣಾ, ಆ ಕಾಕಾನ ತಂತಿ..."

"ಬ್ಯಾಡವ್ವ" ಎಂದ. ನನ್ನ ಕಡೆ ಮಗ್ಗಲು ಹೊರಳಿ, "ನನಗ ಹೇಳಿ ಏನ್ ಆಗ್ತದ? ನನಗ ಗೊತ್ತಿದ್ದದ್ದೇ. ಗೊತ್ತಿಲ್ಲದವ್ರು ಅಲ್ಲಿ ಊರಾಗ ಅದಾರ" ಎಂದ.

ಅದು ಬೈಗುಳವಾಗಿರಲಿಲ್ಲ. ಅವನಿಗೆ ಬೇಕಾದದ್ದು ಏನೆಂದು ಎರಡು ವರ್ಷದಲ್ಲಿ ಅವನು ಹೇಳಿದ್ದು ಅಷ್ಟೇ. ಮನೆಗೆ ಕರೆತಂದ ಮೇಲೆ ಹೋಗಿ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮನೆಗೆ ಕರೆತಂದ ಎಂಟನೆಯ ದಿನ, ನಾನು ಶಾಲೆಯಲ್ಲಿ ಅನ್ನ ಬಡಿಸುತ್ತಿದ್ದಾಗ, ಅವನು ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ನಾನು ಕಾಕಾನ ಊರಿಗೆ ಹೋದೆ. ಈ ಸಲ ಟಂಟಂ ಕಡೆಯ ತನಕ ಹೋಯಿತು. ಕಾಕಾ ಬಾಗಿಲ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದರು. ಗುಜರಿಯವನ ತಂಗಿ ಎಂದೊಡನೆ ಮುಖ ತಿರುಗಿಸಿದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಗಾಡಿಯ ಮೇಲೆ ಬಂದವರು, ಚೀಲ, ಹುಣಸೆಹಣ್ಣು, ಅಣ್ಣ ಶಹಾಪುರದಲ್ಲಿ ಇದ್ದದ್ದು.

ಕಾಕಾನ ಕೈಯಲ್ಲಿ ಹಗ್ಗ ನಿಂತಿತು.

"ಹೊಡದಾಗ ಅಂವ ನನ್ನ ಮಾರಿ ನೋಡಿ 'ಕಾಕಾ' ಅಂದಿದ್ದ. ಅಷ್ಟ ಅಂದಿದ್ದ" ಎಂದರು. ಆಮೇಲೆ ಧಡಕ್ಕನೆ ಎದ್ದರು. "ಹೋಗು, ಕರಕೊಂಡ ಬಾ ಅವನ್ನ. ಅಗಸ್ಯಾಗ ಮಂದಿ ಕೂಡಿಸಿ ನಾ ಹೇಳ್ತೀನಿ. ಎಲ್ಲ್ಯಾನ ಈಗ?"

"ಇಲ್ರಿ ಕಾಕಾ. ಹೋಗಿ ಹದಿನೈದು ದಿನ ಆತು."

ಅವರು ಮತ್ತೆ ಕಟ್ಟೆಯ ಮೇಲೆ ಕೂತರು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಣ್ಣುಮಕ್ಕಳು ಬಂದು ನಿಂತಿದ್ದರು.

"ಹಂಗಾರ ನನ್ನ ಮುಂದ ಯಾಕ ಹೇಳಿದಿ ತಾಯಿ?" ಎಂದರು ಕಾಕಾ. "ನಾ ಏನ್ ಮಾಡ್ಲಿ ಈ ಮಾತ ತಗೊಂಡು? ಯಾರಿಗೆ ಕೊಡ್ಲಿ?"

ನಾನು ಓಣಿಯ ಕಡೆ ತಿರುಗಿದೆ. ಅಣ್ಣ ನಡೆದಾಡಿದ ಆ ಓಣಿಯ ನಡುವೆ, ಅಷ್ಟು ಮಂದಿಯ ಎದುರಿಗೆ, ದನಿ ಎತ್ತಿ ಹೇಳಿದೆ:

"ಅಣ್ಣಾ, ತಂತಿ ತಗೊಂಡಾಕಿ ನಾನು. ತೊಳದಾಕಿ ನಾನು. ನಿನಗ ಹೊಡಿಯಾಕತ್ತಾಗ ಕೈ ಮುಚ್ಚಿಕೊಂಡು ನಿಂತಾಕಿನೂ ನಾನು. ನೀ ಕಳ್ಳ ಅಲ್ಲ. ತಪ್ಪಾತಣ್ಣಾ, ನಂದು ತಪ್ಪಾತು."