ಎರಡನೆಯ ಬಟ್ಟೆ

ಕಳೆದ ಭಾನುವಾರ ಮಧ್ಯಾಹ್ನ, ಸಿಂಗಸಂದ್ರದ ನಮ್ಮ ಮನೆಯ ಹಾಲ್‌ನಲ್ಲಿ ಕುಳಿತು ಸಿಲಿಕೋನ್ ಟ್ಯೂಬಿನ ಮೂತಿ ಕತ್ತರಿಸಿದೆ. ವಿನೆಗರ್‌ನಂಥ ಹುಳಿ ವಾಸನೆ ಒಡನೆ ಮೂಗಿಗೆ ಬಡಿಯಿತು. ಅಡುಗೆಮನೆಯಿಂದ ಹೆಂಡತಿ, "ಏನ್ರೀ, ಉಪ್ಪಿನಕಾಯಿ ಭರಣಿ ಬೀಳಿಸಿದ್ರಾ?" ಎಂದು ಕೂಗಿದಳು. ಮೀನಿನ ತೊಟ್ಟಿ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಅದರ ರಿಪೇರಿಗೆ ಕುಳಿತಿದ್ದೆ. ಆ ತೊಟ್ಟಿಯನ್ನು ಕಟ್ಟಿದವರು ನಮ್ಮ ಮೇಸ್ತ್ರಿ.

ನಾನಾಗ ಪೀಣ್ಯದ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಆಫೀಸು ಕಟ್ಟಡಗಳ ಹೊರಮೈಗೆ ಹಾಕುವ ದೊಡ್ಡ ಗಾಜುಗಳನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಅಂಟಿಸಿ ಕಳಿಸುವುದು ಅಲ್ಲಿಯ ಕೆಲಸ. ಆ ಗಾಜಿಗೆ ಮೊಳೆಯಿಲ್ಲ, ಸ್ಕ್ರೂ ಇಲ್ಲ. ಬೆರಳಗಲದ ಕಪ್ಪು ಸಿಲಿಕೋನ್ ಪಟ್ಟಿಯೊಂದೇ ಅದನ್ನು ಹಿಡಿದಿರುತ್ತದೆ. ನಾನು ಕ್ವಾಲಿಟಿ ನೋಡುವವನು. ಒಂದು ಶೀಟು, ಅದರಲ್ಲಿ ಕಾಲಮ್ಮುಗಳು, ಪ್ರತಿ ಕಾಲಮ್ಮಿಗೆ ನನ್ನ ಟಿಕ್ಕು.

ಮೇಸ್ತ್ರಿ ಕಲಬುರಗಿ ಕಡೆಯವರು, ಐವತ್ತು ದಾಟಿತ್ತು. ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ ಬಾಡಿಗೆ ರೂಮು. ಬಲಗೈ ತೋರುಬೆರಳಿನ ತುದಿ ಹಿಂದೆಂದೋ ಗಾಜಿಗೆ ಸಿಕ್ಕಿ ಹೋಗಿತ್ತು. ಆ ಮೊಂಡು ಬೆರಳಿನಿಂದ ಅವರು ಸಿಲಿಕೋನ್ ಸವರಿದರೆ ಪಟ್ಟಿಯ ನಡುವೆ ಕೂದಲೆಳೆಯಂಥ ಗೆರೆಯೊಂದು ಉಳಿಯುತ್ತಿತ್ತು. ಮೀನಿನ ತೊಟ್ಟಿ ಕಟ್ಟಿದ್ದು ಊಟದ ಬಿಡುವಿನಲ್ಲಿ, ರಿಜೆಕ್ಟಾದ ಗಾಜಿನ ಚೂರುಗಳಿಂದ. ಅದಕ್ಕೆ ನಮ್ಮ ಕೆಲಸದ ಕಪ್ಪು ಸಿಲಿಕೋನ್ ಬೇಡವೆಂದು ಈ ಹುಳಿ ವಾಸನೆಯದನ್ನೇ ಅಂಗಡಿಯಿಂದ ತಂದರು. ಮರುದಿನವೇ ನಾನು, "ನೀರು ತುಂಬ್ಸಿ ಮೀನು ಬಿಟ್ಬಿಡೋಣ ಮೇಸ್ತ್ರಿ" ಎಂದೆ.

"ಮೀನಿನ ಉಪ್ಪಿನಕಾಯಿ ಹಾಕ್ತೀರೇನ್ರಿ ಸರ? ವಾಸನಿ ಪೂರಾ ಹೋಗ್ಲಿ, ತಡೀರಿ."

ಒಂದು ವಾರ ತೊಟ್ಟಿ ಖಾಲಿಯೇ ಇತ್ತು. ಹೋಗುವವರು ಬರುವವರೆಲ್ಲ ಅದರೊಳಗೆ ಇಣುಕಿ, "ಮೀನು ಸಕ್ಕತ್ತಾಗಿದೆ ಮೇಸ್ತ್ರಿ" ಎಂದು ರೇಗಿಸುತ್ತಿದ್ದರು. ಅವರು ನಗುತ್ತಿದ್ದರು, ನೀರು ಮಾತ್ರ ಹಾಕಲಿಲ್ಲ.

ಕೆಲಸದಲ್ಲಿ ಅವರದು ಎರಡು ಪದ್ಧತಿ. ಒಂದು, ಬಟ್ಟೆಯದು. ಸಿಲಿಕೋನ್ ಹಾಕುವ ಮೊದಲು ಗಾಜಿನ ಅಂಚನ್ನು ಸ್ಪಿರಿಟ್ಟಿನ ಒದ್ದೆ ಬಟ್ಟೆಯಿಂದ ಒರೆಸಬೇಕು. ಅದು ಆರುವ ಮುನ್ನವೇ ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. "ಒದ್ದಿ ಬಟ್ಟಿ ಹೊಲಸು ಎಬ್ಬಸ್ತದ, ಒಣ ಬಟ್ಟಿ ಒಯ್ತದ. ಇಲ್ಲಂದ್ರ ಅದು ಅಲ್ಲೇ ಕುಂದರ್ತದ, ಕಣ್ಣಿಗೆ ಕಾಣಂಗಿಲ್ಲ" ಎನ್ನುತ್ತಿದ್ದರು. ಒಂದೊಂದು ಗಾಜಿಗೂ ಒಣ ಬಟ್ಟೆಯ ಹೊಸ ಮಡಿಕೆ ತಿರುವಿಕೊಳ್ಳಬೇಕು. ಇನ್ನೊಂದು, ಚೂರಿನದು. ದಿನವೂ ಅದೇ ಗಾಜಿನ ಒಂದು ಚೂರಿನ ಮೇಲೆ ಗೇಣುದ್ದ ಸಿಲಿಕೋನ್ ಎಳೆದು, ತಾರೀಕು ಬರೆದು ಅಟ್ಟಣೆಯಲ್ಲಿಡುತ್ತಿದ್ದರು. ವಾರದ ನಂತರ ಅದರ ಒಂದು ತುದಿಯನ್ನು ಬ್ಲೇಡಿನಿಂದ ಎಬ್ಬಿಸಿ ಎಳೆಯುತ್ತಿದ್ದರು. ಪಟ್ಟಿ ನಡುವೆ ಹರಿದು, ಗಾಜಿನ ಮೇಲೆ ಪದರ ಉಳಿದರೆ ಕೆಲಸ ಗಟ್ಟಿ. ಗಾಜನ್ನು ಬಿಟ್ಟು ಇಡಿಯಾಗಿ ಎದ್ದು ಬಂದರೆ ಆ ದಿನದ ಕೆಲಸವೆಲ್ಲ ಸುಳ್ಳು. ವಾರ ಮುಗಿಯುವ ಮೊದಲು ಗಾಜು ಶೆಡ್ಡು ಬಿಡಬಾರದು. ಆದರೆ ಆರ್ಡರಿನ ಅವಸರದಲ್ಲಿ ನಮ್ಮ ಯಜಮಾನರು ಮೂರ್ನಾಲ್ಕು ದಿನಕ್ಕೇ ಲಾರಿ ಹತ್ತಿಸುತ್ತಿದ್ದರು.

ಒಮ್ಮೆ, ಒರೆಸುವ ಇಬ್ಬರೂ ಮದುವೆಗೆಂದು ಊರಿಗೆ ಹೋಗಿದ್ದರು. ವೈಟ್‌ಫೀಲ್ಡಿನ ಒಂದು ಕಟ್ಟಡಕ್ಕೆ ಎಂಟು ಗಾಜು ಆಗಬೇಕಿತ್ತು. ನಾನೇ ಒರೆಸುತ್ತೇನೆಂದೆ. ಮುಂದೆ ನಾನು ಬಟ್ಟೆ ಹಿಡಿದು, ಹಿಂದೆ ಮೇಸ್ತ್ರಿ ಸಿಲಿಕೋನ್ ಗನ್ ಹಿಡಿದು. ಮೊದಲ ಎರಡು ಗಾಜಿಗೆ ಎರಡೂ ಬಟ್ಟೆ ಹಾಕಿದೆ. ಮೂರನೆಯದರ ಹೊತ್ತಿಗೆ ಅವರು ನನ್ನ ಬೆನ್ನ ಹಿಂದೆಯೇ ಬಂದುಬಿಟ್ಟಿದ್ದರು. ಸ್ಪಿರಿಟ್ಟು ತಾನಾಗಿ ಆರುತ್ತದಲ್ಲ, ಹೊಳಪೂ ಅಷ್ಟೇ ಇದೆಯಲ್ಲ ಎಂದುಕೊಂಡು ಒಣ ಬಟ್ಟೆಯನ್ನು ಬದಿಗಿಟ್ಟೆ. ಕೊನೆಗೆ ತಾರೀಕಿನ ಚೂರನ್ನೂ ಒದ್ದೆ ಬಟ್ಟೆಯೊಂದರಲ್ಲೇ ಒರೆಸಿಕೊಟ್ಟೆ. ಸಂಜೆ ಶೀಟಿನಲ್ಲಿ ಎಂಟಕ್ಕೂ ಟಿಕ್ ಹಾಕಿದೆ.

ವಾರದ ನಂತರ ಮೇಸ್ತ್ರಿ ಆ ಚೂರನ್ನು ನನ್ನ ಮೇಜಿನ ಮೇಲಿಟ್ಟರು. ಗಾಜು ತೊಳೆದಿಟ್ಟಂತೆ ಬೋಳಾಗಿತ್ತು. ಕಪ್ಪು ಪಟ್ಟಿ ಇಡಿಯಾಗಿ ಅವರ ಕೈಯಲ್ಲಿತ್ತು.

"ಸರ, ಅವತ್ತು ಎರಡೂ ಬಟ್ಟಿ ಹಾಕಿದ್ರೇನ್ರಿ?"

"ಹಾಕಿದ್ನಲ್ಲ ಮೇಸ್ತ್ರಿ. ಶೀಟ್ ನೋಡಿ, ಟಿಕ್ ಇದೆ."

ಅವರು ಶೀಟು ನೋಡಿದರು, ನನ್ನನ್ನು ನೋಡಲಿಲ್ಲ. ಎಂಟೂ ಗಾಜು ಅಷ್ಟರಲ್ಲಿ ವೈಟ್‌ಫೀಲ್ಡ್ ಸೇರಿ, ಐದನೇ ಮಹಡಿಗೆ ಏರಿ, ಮುಖ್ಯ ಬಾಗಿಲಿನ ನೇರ ಮೇಲೆ ಕುಳಿತಿದ್ದವು.

ಮೇಸ್ತ್ರಿ ಯಜಮಾನರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ಏನ್ ಮೇಸ್ತ್ರಿ, ಒಂದ್ ರಬ್ಬರ್ ಪಟ್ಟಿ ಕಿತ್ಕೊಂಡ್ ಬಂತು ಅಂತ ಬಿಲ್ಡಿಂಗೇ ಬಿಚ್ಚಿಸ್ತೀರಾ?"

"ಕೆಳಗ ಮಂದಿ ಅಡ್ಡಾಡ್ತಾರ್ರಿ ಸಾಹೇಬ್ರ."

ಯಜಮಾನರು ನನ್ನನ್ನು ಕರೆದರು. "ಶೀಟ್ ಕರೆಕ್ಟಾಗಿದೆ ತಾನೆ?" ಎಂದರು. ನಾನು "ಇದೆ ಸಾರ್" ಎಂದೆ. ಆ ಎರಡು ಪದಗಳನ್ನು ಯಾವ ದನಿಯಲ್ಲಿ ಹೇಳಿದೆನೆಂಬುದು ನನಗೆ ಈಗಲೂ ನೆನಪಿದೆ. ಸಾಮಾನ್ಯ ದನಿಯಲ್ಲೇ ಹೇಳಿದೆ.

ಮರುದಿನ ಮೇಸ್ತ್ರಿ ಶೆಡ್ಡಿಗೆ ಬರಲಿಲ್ಲ. ಚೂರು ಮತ್ತು ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು, ಬಸ್ಸು ಬದಲಿಸಿ ವೈಟ್‌ಫೀಲ್ಡಿಗೆ ಹೋಗಿ, ಸೈಟಿನ ಎಂಜಿನಿಯರ್ ಮುಂದೆ ಇಟ್ಟಿದ್ದರು. ಆ ಎಂಜಿನಿಯರ್‌ಗೆ ಚೂರಿನ ಅರ್ಥ ಗೊತ್ತಿತ್ತು. ಬಾಗಿಲ ಮುಂದೆ ಹಗ್ಗ ಕಟ್ಟಿಸಿ, ಎಂಟನ್ನೂ ಇಳಿಸಿದರು. ವಾಪಸು ತರಲು ಯಜಮಾನರು ನನ್ನನ್ನೇ ಲಾರಿಯಲ್ಲಿ ಕಳಿಸಿದರು. ಗಾಜುಗಳನ್ನು ಸಾಲಾಗಿ ಮಲಗಿಸಿದ್ದರು, ಒಂದೊಂದರ ಮೇಲೂ ನಂಬರು. ಒಂದು, ಎರಡು ಅಲುಗಲಿಲ್ಲ. ಮೂರನೆಯದರ ಮೂಲೆಗೆ ಬೆರಳು ಹಾಕಿ ಎತ್ತಿದೆ. ಗಾಜು ಚೌಕಟ್ಟಿನಿಂದ ಸದ್ದಿಲ್ಲದೆ ಬಿಟ್ಟುಕೊಂಡಿತು. ನಾಲ್ಕನೆಯದನ್ನು ಮುಟ್ಟುವ ಧೈರ್ಯವಾಗಲಿಲ್ಲ. ಹಗ್ಗದ ಆಚೆ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗಿಯರು ಟೀ ಕುಡಿಯುತ್ತ ನಿಂತಿದ್ದರು. ಅವರಲ್ಲೊಬ್ಬಳು, "ಅಣ್ಣ, ಈ ಕಡೆಯಿಂದ ಹೋಗ್ಬಹುದಾ?" ಎಂದು ಕೇಳಿದಳು. ನಾನು ಕೈ ಮಾಡಿ ಸುತ್ತಿನ ದಾರಿ ತೋರಿಸಿದೆ.

ತಮ್ಮನ್ನು ಮೀರಿ ಸೈಟಿಗೆ ಹೋದದ್ದಕ್ಕೆ ಯಜಮಾನರು ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಬಿಡಬೇಕೆಂದು ಕೋಣೆಯ ಬಾಗಿಲತನಕ ಹೋಗಿದ್ದೆ, ಅಷ್ಟೇ. ಗೇಟಿನ ಬಳಿ ಮೇಸ್ತ್ರಿ ನನ್ನನ್ನು ಕರೆದು, "ಮೀನು ನೀವೇ ನೋಡ್ಕೋರಿ, ನನ್ನ ರೂಮಿನ್ಯಾಗ ಜಾಗಾ ಇಲ್ಲ" ಎಂದರು. ಆಮೇಲೆ ಜೇಬಿನಿಂದ ಮಡಿಚಿದ ಬಟ್ಟೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. ಆ ದಿನದ ಒಣ ಬಟ್ಟೆ.

"ಎರಡ ಮಡಿಕಿ ಅಷ್ಟ ಹೊಲಸಾಗ್ಯಾವ್ರಿ ಸರ."

ನಾನು ಏನೋ ಹೇಳಹೋದೆ. ಅವರು ಕೈ ಅಡ್ಡ ಮಾಡಿದರು.

"ಗನ್ ಹಿಡದಾಂವ ನಾನು. ಹಿಂದಿಂದ ನಾನೂ ನೋಡಬೇಕಿತ್ತು. ಇನ್ನ ಮ್ಯಾಲ ಒಣ ಬಟ್ಟಿ ಕೈಯಾಗ ಇರ್ಲಿ."

ಅಷ್ಟು ಹೇಳಿ ಗಲ್ಲಿಯ ಕಡೆ ನಡೆದರು. ಎರಡು ವರ್ಷಕ್ಕೆ ಶೆಡ್ಡು ಮುಚ್ಚಿತು; ನಾನು ತೊಟ್ಟಿಯನ್ನು ಮನೆಗೆ ತಂದೆ. ಹೋದ ವರ್ಷ ಒಂದು ಸೈಟಿನಲ್ಲಿ ಅವರ ಊರಿನವರು ಸಿಕ್ಕಿದಾಗ ವಿಚಾರಿಸಿದೆ. "ಅಂವ ತೀರಿಕೊಂಡು ಎರಡು ವರ್ಷ ಆತ್ರಿ" ಎಂದರು. ಯಜಮಾನರಿಗೆ ಹೇಳದ್ದನ್ನು ಮೇಸ್ತ್ರಿಗಾದರೂ ನನ್ನ ಬಾಯಿಂದ ಹೇಳಬೇಕೆಂದಿತ್ತು...

ತೊಟ್ಟಿ ಸೋರಿದ್ದೂ ನನ್ನಿಂದಲೇ. ಪಾಚಿ ಕೆರೆಯುವಾಗ ಬ್ಲೇಡು ಮೂಲೆಯ ಸಿಲಿಕೋನನ್ನು ಸೀಳಿತ್ತು. ಹಳೆಯ ಸಿಲಿಕೋನಿನ ಮೇಲೆ ಹೊಸದು ಕೂರುವುದಿಲ್ಲ; ಒಳಗಿನ ಪಟ್ಟಿಯನ್ನೆಲ್ಲ ತೆಗೆಯಲೇಬೇಕು. ಅದರ ನಡುವೆ ಉದ್ದಕ್ಕೂ ಆ ಮೊಂಡು ಬೆರಳಿನ ಗೆರೆ ಹಾಗೆಯೇ ಇತ್ತು. ತುದಿ ಎಬ್ಬಿಸಿ, ಅವರು ಎಳೆಯುತ್ತಿದ್ದಂತೆಯೇ ಎಳೆದೆ. ಪಟ್ಟಿ ನಡುವೆ ಹರಿಯಿತು. ಗಾಜನ್ನು ಬಿಡಲಿಲ್ಲ. ಮತ್ತೆ ಎಳೆದೆ, ಮತ್ತೆ ಹರಿಯಿತು. ಬ್ಲೇಡಿನಲ್ಲಿ ಚೂರುಚೂರಾಗಿ ಕೆತ್ತಿ ತೆಗೆಯಲು ಮಧ್ಯಾಹ್ನವಾಯಿತು.

ಒದ್ದೆ ಬಟ್ಟೆಯಿಂದ ಒರೆಸಿದೆ. ಆರುವ ಮುನ್ನ ಒಣ ಬಟ್ಟೆಯಿಂದ ಒರೆಸಿದೆ. ಪ್ರತಿ ಅಂಚಿಗೂ ಹೊಸ ಮಡಿಕೆ. ಆಮೇಲೆ ಹೊಸ ಸಿಲಿಕೋನ್ ಎಳೆದೆ. ಇವತ್ತು ನಾಲ್ಕನೆಯ ದಿನ. ಮೀನುಗಳು ಬಕೆಟ್ಟಿನಲ್ಲಿವೆ, ತೊಟ್ಟಿ ಖಾಲಿ ಇದೆ. ಹತ್ತಿರ ಹೋದರೆ ವಾಸನೆ ಇನ್ನೂ ಬರುತ್ತಿದೆ.