ಬೆನ್ನಿಗೆ ಹತ್ತಿದ ಮಣ್ಣು

ಮಹಾಯುದ್ಧದ ಕಾಲ. ಹುಬ್ಬಳ್ಳಿಯಲ್ಲಿ ಸೈನ್ಯಕ್ಕೆ ಆಳು ಆರಿಸುತ್ತಾರೆಂಬ ಸುದ್ದಿ ಬಂದಾಗ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಮೀಸೆ ತಿರುವಿದವನು ನಾನು. ಗರಡಿಮನೆಯ ಪೈಲ್ವಾನ, ಬೆನ್ನಿಗೆ ಎಂದೂ ಮಣ್ಣು ಹತ್ತದವನು! ನಾನು ಗೆದ್ದ ಕುಸ್ತಿಗಳೆಲ್ಲ ನನಗಿಂತ ಚಿಕ್ಕವರ ಜೊತೆ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಜವಾಗಿ ಸೈನ್ಯ ಬೇಕಾಗಿದ್ದುದು ನನ್ನ ತಮ್ಮನಿಗೆ. ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿ ಒತ್ತಿ ಅವನಿಗೆ ಸಾಕಾಗಿತ್ತು. ಸೈನ್ಯದಲ್ಲಿ ಮೋಟಾರು ನಡೆಸಲು ಕಲಿಸುತ್ತಾರೆಂದು ಯಾರೋ ಹೇಳಿದ್ದರು. ಅಂದಿನಿಂದ ಊಟಕ್ಕೆ ಕೂತಾಗಲೂ ಅವನ ಕೈ ಗಾಳಿಯಲ್ಲಿ ಚಕ್ರ ತಿರುಗಿಸುತ್ತಿತ್ತು.

ಆಯ್ಕೆಯ ದಿನ ಇಬ್ಬರೂ ಹೋಗಿ ಸಾಲಿನಲ್ಲಿ ನಿಂತೆವು. ತೂಕ, ಎದೆಯ ಅಳತೆಯಲ್ಲಿ ನಾನು ಗೆದ್ದೆ. ಓಟದಲ್ಲಿ ತಮ್ಮ ಕೊನೆ ಮುಟ್ಟಿದ, ನಾನು ಅರ್ಧ ದಾರಿಗೇ ದಮ್ಮು ಕಟ್ಟಿ ಬೇವಿನ ಗಿಡ ತಬ್ಬಿ ನಿಂತೆ. "ಪೈಲ್ವಾನ್ರ, ನೀವು ಮನಿಗೆ ಹೋಗ್ರಿ," ಎಂದ ಹವಾಲ್ದಾರ. ಆದರೂ ಕೊನೆಯ ಪರೀಕ್ಷೆಗೆ ಹೊರಲು ಭಾರದ ಆಳೊಬ್ಬ ಬೇಕೆಂದು ನನ್ನನ್ನು ನಿಲ್ಲಿಸಿಕೊಂಡ. ಗಾಯಗೊಂಡವನನ್ನು ಹೆಗಲಿಗೆ ಹಾಕಿಕೊಂಡು ಓಡಬೇಕು. ಹೊರುವವನು ತಮ್ಮ, ಗಾಯಗೊಂಡವನು ನಾನು.

"ಅಂಗಾತ ಮಕ್ಕೋರಿ," ಎಂದ ಹವಾಲ್ದಾರ.

ಅಂಗಾತ! ಬೆನ್ನು ನೆಲಕ್ಕೆ ತಾಗಿದರೆ ಕುಸ್ತಿಯಲ್ಲಿ ಸೋತಂತೆ. ಗರಡಿಯ ಗೆಳೆಯರೆಲ್ಲ ಬೇಲಿಯಾಚೆ ನಿಂತಿದ್ದರು. ನಾನು ಬೋರಲು ಮಲಗಿದೆ. ತಮ್ಮ ತೋಳು ಹಿಡಿದು ಹೊರಳಿಸಲು ಬಂದ. ಮೈಗೆ ಬಿದ್ದ ರೂಢಿ ನೋಡಿ, ಕೈಕಾಲು ಅಗಲಿಸಿ ನೆಲ ಕಚ್ಚಿದೆ. ಅವನು ಸೊಂಟಕ್ಕೆ ಕೈ ಹಾಕಿದ, ನಾನು ಅವನ ಕಾಲಿಗೆ ಪಟ್ಟು ಹಾಕಿ ಕೆಡವಿದೆ. ಬೇಲಿಯ ಕಡೆಯಿಂದ "ಶಾಬಾಷ್!" ಎಂಬ ಕೂಗು ಬಂತು.

ಹವಾಲ್ದಾರ ಹಣೆ ಬಡಿದುಕೊಂಡ. "ಗುಂಡು ಬಡದಾಂವ ಕುಸ್ತಿ ಹಿಡ್ಯಾಕತ್ತಾನಲ್ರಿ! ತಮ್ಮಾ, ಈ ಸಲ ಎತ್ತಲಿಲ್ಲಂದ್ರ ನೀನೂ ಮನಿಗೇ ನಡಿ."

ತಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದ. "ಯಣ್ಣಾ, ಒಮ್ಮೆ ನನ್ನ ಕೈಯಾಗ ಸೋಲೋ."

ಹೊರಳಿ ಅಂಗಾತ ಬಿದ್ದೆ. ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ತಮ್ಮ ನನ್ನನ್ನು ಎತ್ತಿಕೊಂಡು ಓಡಿದ. ಮನೆಯ ಹಾಲನ್ನೆಲ್ಲ ಕುಡಿದು ಬೆಳೆಸಿದ ಈ ಮೈಯನ್ನು, ನನ್ನ ದೆಸೆಯಿಂದ ಹಾಲಿನ ಮುಖ ಕಾಣದ ಹುಡುಗ ಹೊತ್ತಿದ್ದ. ತಲೆಕೆಳಗಾಗಿ ಜೋತುಬಿದ್ದ ನನಗೆ ಅವನ ಏದುಸಿರು ಮಾತ್ರ ಕೇಳುತ್ತಿತ್ತು.

"ಪಾಸ್!" ಎಂದ ಹವಾಲ್ದಾರ.

ತಮ್ಮ ನನ್ನನ್ನು ಇಳಿಸಿ ಕುಣಿದಾಡಿದ. ನಾನು ಅವನನ್ನು ತಬ್ಬಿಕೊಂಡೆ, ಬಿಡಲು ಮನಸ್ಸಾಗಲಿಲ್ಲ. ಆಗ ಮೊದಲ ಸಲ ಭಯವಾಯಿತು. ಅಲ್ಲಿ ಇವನು ಬಿದ್ದರೆ ಎತ್ತಲು ನಾನಿರುವುದಿಲ್ಲ.